ಸಕ್ಕರೆಯ ಲೆಕ್ಕದಲ್ಲಿ ಐದು ರೂಪಾಯಿ

ಅಡಿಕೆ ತೋಟದ ಮನೆಗಳ ಹಣದ ಜಗಳ ಕುಟುಂಬ ಸಲಹೆಗಾರ್ತಿಯಾದ ನನ್ನ ಮುಂದೆ ಬರುವುದು ಹೆಚ್ಚಾಗಿ ಮಳೆಗಾಲದಲ್ಲಿ. ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದ ಮಾಲು ಮಂಡಿಗೆ ಹೋದಾಗ ವರ್ಷದ ಹಣವೆಲ್ಲ ಒಟ್ಟಿಗೆ ಬರುತ್ತದೆ. ಆಷಾಢದ ಹೊತ್ತಿಗೆ ಅದು ಕರಗಿರುತ್ತದೆ, ಆಗಲೇ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಖರ್ಚು ಮತ್ತು ಮಕ್ಕಳ ಶಾಲೆಯ ಶುಲ್ಕ ಎದುರು ನಿಂತಿರುತ್ತವೆ.

ತೀರ್ಥಹಳ್ಳಿ ಕಡೆಯ ಈ ದಂಪತಿ ಬಂದದ್ದೂ ಅಂಥ ದಿನಗಳಲ್ಲೇ. (ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.) ಮದುವೆಯಾಗಿ 14 ವರ್ಷ, ಇಬ್ಬರು ಮಕ್ಕಳು, ಮೂರು ಎಕರೆ ತೋಟ, ಜೊತೆಯಲ್ಲಿ ಅತ್ತೆ. ಹೆಂಡತಿಯ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ ಎಂಬುದು ಪತಿಯ ದೂರು. ಮಂಡಿಯ ಹಣ ಬಂದ ವಾರವೇ ಮನೆಯಲ್ಲಿ ಒಂದು ಮಾತೂ ಹೇಳದೆ ಕಳೆ ಕೊಚ್ಚುವ ಯಂತ್ರ ತಂದವರು, ತಾನು ಚಪ್ಪಲಿ ಕೊಳ್ಳುವುದಕ್ಕೆ ಕಾರಣ ಕೇಳುತ್ತಾರೆ ಎಂಬುದು ಪತ್ನಿಯ ದೂರು. ಒಮ್ಮೆಗೇ ಹೋಗುವ ಸಾವಿರಾರು ರೂಪಾಯಿಗೆ ಬಂಡವಾಳವೆಂದೂ ದಿನವೂ ಹೋಗುವ ಐವತ್ತು ರೂಪಾಯಿಗೆ ದುಂದೆಂದೂ ಹೆಸರಿಡುವ ರೂಢಿ ನಮ್ಮ ಕಡೆ ಹಳೆಯದು.

ಎರಡನೆಯ ಭೇಟಿಗೆ ಖರ್ಚಿನ ಪುಸ್ತಕ ತರಲು ಹೇಳಿದ್ದೆ. ಮಗಳ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಆಕೆ ದುಂಡಗೆ ಬರೆದಿದ್ದರು. ನಾನು ಸಾಲುಗಳನ್ನು ಗಟ್ಟಿಯಾಗಿ ಓದುತ್ತ, 'ಸಕ್ಕರೆ ಎರಡು ಕೆ.ಜಿ., 100' ಎಂಬಲ್ಲಿಗೆ ಬಂದಾಗ, 'ಸಕ್ಕರೆ ಅಷ್ಟು ತುಟ್ಟಿಯಾಯಿತೇ?' ಎಂದು ಮಾತಿಗೆ ಕೇಳಿದೆ. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತರು.

'ನಲವತ್ತೈದೇ ಮೇಡಂ. ಕೆ.ಜಿ.ಗೆ ಐದು ರೂಪಾಯಿ ಸೇರಿಸಿ ಬರೀತೀನಿ. ಬೇಳೆಗೂ ಹಾಗೇ. ತವರಿಗೆ ಹೋದಾಗ ಅಣ್ಣನ ಮಕ್ಕಳ ಕೈಗೆ ಏನಾದರೂ ಕೊಡಬೇಕಲ್ಲ.'

ಪತಿ ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಅವರು ಶಾಂತವಾಗಿಯೇ, 'ನಂಗೆ ಗೊತ್ತಿತ್ತು. ಅಂಗಡಿ ರೇಟು ನಂಗೂ ಗೊತ್ತಲ್ಲ. ಸುಮ್ಮನಿದ್ದೆ, ಅಷ್ಟೆ' ಎಂದರು. ತಮ್ಮ ದೊಡ್ಡ ಮನಸ್ಸನ್ನು ನಾನು ಗಮನಿಸಲೆಂಬ ಭಾವ ಆ ದನಿಯಲ್ಲಿತ್ತು. ಆಕೆ ಆ ದಿನ ಮೊದಲ ಬಾರಿಗೆ ಅವರತ್ತ ತಿರುಗಿ, 'ಗೊತ್ತಿದ್ದೂ ಇಷ್ಟು ವರ್ಷ ನನ್ನನ್ನ ಕಳ್ಳಿ ಮಾಡಿ ಇಟ್ಟಿದ್ರಲ್ಲ' ಎಂದರು.

ಆಮೇಲೆ ಹೆಚ್ಚು ಮಾತು ನಡೆಯಲಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದಲ್ಲ ಎಂದು ಪತಿ ಒಮ್ಮೆ ಅಂದರು. ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ಇರುವುದು ಅತ್ತೆಯ ಹೆಸರಾದ್ದರಿಂದ ಆ ಹಣ ಅವರ ಖಾತೆಗೇ ಹೋಗುತ್ತಿತ್ತು. ಸುಗ್ಗಿಯಲ್ಲಿ ಸುಲಿಯಲು ಬರುವ ಹೆಂಗಸರಿಗೆ ಅಳೆದು ಕೂಲಿ ಕೊಡುವ ನಿಮ್ಮ ಪುಸ್ತಕದಲ್ಲಿ, ಅವರ ಪಕ್ಕದಲ್ಲೇ ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿ ಹನ್ನೊಂದರವರೆಗೆ ಸುಲಿದ ಇವರ ಸಾಲು ಎಲ್ಲಿದೆ ಎಂದು ನಾನು ಪತಿಯನ್ನು ಕೇಳಿದೆ. ಅವರು ಉತ್ತರಿಸಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟೆ. ಮಂಡಿಯ ಹಣ ಬಂದಾಗ ಗೊಬ್ಬರ, ಔಷಧಿ, ಕೂಲಿಗೆಂದು ತೆಗೆದಿಡುವ ಹೊತ್ತಿಗೇ ಒಂದು ಮೊತ್ತವನ್ನು ಪತ್ನಿಯ ಖಾತೆಗೆ ಹಾಕಬೇಕು ಮತ್ತು ಅದರ ಲೆಕ್ಕ ಕೇಳಬಾರದು. ಹತ್ತು ಸಾವಿರ ಮೀರಿದ ಖರೀದಿಯನ್ನು, ಯಂತ್ರವಾಗಲಿ ಒಡವೆಯಾಗಲಿ, ಇಬ್ಬರೂ ಕೂತು ತೀರ್ಮಾನಿಸಬೇಕು. ಇದನ್ನು ಕೇಳಿದ ಹಿರಿಯ ಸಹೋದ್ಯೋಗಿಯೊಬ್ಬರು, ಹೆಂಡತಿಗೆ ಸಂಬಳ ಗೊತ್ತುಮಾಡಿದಂತಾಯಿತು, ಸಂಸಾರದಲ್ಲಿ ನಿನ್ನದು ನನ್ನದು ಬರಬಾರದು ಎಂದು ಆಕ್ಷೇಪಿಸಿದರು. ನಾನು ಒಪ್ಪಲಾರೆ. ಪತಿಯ ಎಲೆಅಡಿಕೆ, ಪೇಟೆಗೆ ಹೋದಾಗಿನ ಹೋಟೆಲ್ ಕಾಫಿ, ಸ್ನೇಹಿತರಿಗೆ ಕೊಟ್ಟ ಕೈಸಾಲ ಇವು ಆ ನೋಟ್‌ಬುಕ್ಕಿನಲ್ಲಿ ಒಂದು ದಿನವೂ ಬರೆದವಲ್ಲ. ಲೆಕ್ಕ ಒಪ್ಪಿಸದೆ ಖರ್ಚು ಮಾಡುವ ಸ್ವಾತಂತ್ರ್ಯ ಆ ಮನೆಯಲ್ಲಿ ಮೊದಲೇ ಇತ್ತು, ಒಬ್ಬರಿಗೆ ಮಾತ್ರ ಇತ್ತು.

ನನ್ನ ತಪ್ಪನ್ನೂ ಹೇಳಬೇಕು. ಆ ಪುಸ್ತಕವನ್ನು ಪತಿಯ ಮುಂದೆ ಗಟ್ಟಿಯಾಗಿ ಓದಬಾರದಿತ್ತು. ಬೇರೊಂದು ಮನೆಯಲ್ಲಿ ಆ ಐದು ರೂಪಾಯಿಗೆ ಏಟು ಬೀಳುತ್ತಿತ್ತು. ಈಗ ಲೆಕ್ಕದ ಪುಸ್ತಕವನ್ನು ಮೊದಲು ಬರೆದವರ ಜೊತೆಗಷ್ಟೇ ಕುಳಿತು ನೋಡುತ್ತೇನೆ.

ಫೆಬ್ರವರಿಯಲ್ಲಿ ಪತಿ ಒಬ್ಬರೇ ಬಂದಿದ್ದರು. ಮಾತಿನಂತೆ ಹಣ ಹಾಕಿದ್ದೇನೆ, ಆದರೆ ಇವಳು ಅದರಲ್ಲಿ ಒಂದು ರೂಪಾಯಿಯನ್ನೂ ಮುಟ್ಟಿಲ್ಲ ಎಂದು ಕಳವಳಪಟ್ಟರು. 'ಅದು ನಿಮಗೆ ಹೇಗೆ ಗೊತ್ತಾಯಿತು?' ಎಂದು ಕೇಳಿದೆ. ಸ್ವಲ್ಪ ಹೊತ್ತು ಕೊಡೆಯ ಹಿಡಿಯನ್ನು ನೋಡುತ್ತಿದ್ದು, 'ಪಾಸ್‌ಬುಕ್ ಬೀರುವಿನಲ್ಲೇ ಇತ್ತು' ಎಂದರು.