ಇಲಿ ಬದಲು ಕೋಳಿ ಮೊಟ್ಟೆಯಲ್ಲಿ ಕ್ಯಾನ್ಸರ್ ಪ್ರಯೋಗ ಮಾಡಬಹುದಾ?

ನಿಮ್ಮ ಕಾಲೇಜಿನಲ್ಲಿ ಇಲಿ ಸಾಕುವ ವ್ಯವಸ್ಥೆ ಇಲ್ಲ, ಮೊಟ್ಟೆಯೊಳಗಿನ ಭ್ರೂಣದಲ್ಲಿ ಪ್ರಯೋಗ ಮಾಡಿದರೆ ಅದಕ್ಕೆ ಬೆಲೆ ಇರುತ್ತಾ ಅಂತ ಕೇಳಿದ್ದೀರಿ. ಖಂಡಿತ ಇರುತ್ತದೆ. ನಾನು ಪಿಎಚ್‌ಡಿಯಲ್ಲಿ ಇದೇ ಕೆಲಸ ಮಾಡಿದ್ದೇನೆ. ಆದರೆ ನೀವು ಯಾವ ಪ್ರಶ್ನೆ ಇಟ್ಟುಕೊಂಡು ಹೋಗುತ್ತೀರಿ ಅನ್ನುವುದು ಮುಖ್ಯ.

ಇದು ಹೊಸ ಉಪಾಯವೇನಲ್ಲ. ನ್ಯೂಯಾರ್ಕ್‌ನಲ್ಲಿ ಪೇಟನ್ ರೌಸ್ ಮತ್ತು ಜೇಮ್ಸ್ ಮರ್ಫಿ ಅನ್ನುವ ವಿಜ್ಞಾನಿಗಳು 1911ರಲ್ಲೇ ಕೋಳಿಯ ಗಡ್ಡೆಯನ್ನು ಭ್ರೂಣದಲ್ಲಿ ಬೆಳೆಸಿದ್ದರು. ಆಮೇಲೆ ಮರ್ಫಿ ಇಲಿಯ ಗಡ್ಡೆಯನ್ನೂ ಅಲ್ಲಿ ಬೆಳೆಸಿದರು. ದೊಡ್ಡ ಕೋಳಿಗೆ ಹಾಕಿದರೆ ಆ ಗಡ್ಡೆ ಉಳಿಯುವುದಿಲ್ಲ. ಭ್ರೂಣಕ್ಕೆ ಮಾತ್ರ ಹೊರಗಿನ ಜೀವಕೋಶವನ್ನು ಗುರುತಿಸಿ ಓಡಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಮನುಷ್ಯರ ಕ್ಯಾನ್ಸರ್ ಕೋಶ ಅಲ್ಲಿ ಬೆಳೆಯುವುದೂ ಇದರಿಂದಲೇ.

ಚಿಪ್ಪಿನ ಒಳಮೈಗೆ ತಾಗಿದಂತೆ ಒಂದು ತೆಳು ಪದರ ಇರುತ್ತದೆ, ಮರಿ ಉಸಿರಾಡುವುದು ಅದರ ಮೂಲಕ. ಲ್ಯಾಬ್‌ನಲ್ಲಿ ಅದನ್ನು ಕ್ಯಾಮ್ ಅನ್ನುತ್ತೇವೆ. ತುಂಬಾ ರಕ್ತನಾಳ. ಕಾವಿಗಿಟ್ಟ 3ನೇ ದಿನ ಸಿರಿಂಜಿನಲ್ಲಿ ಸ್ವಲ್ಪ ಲೋಳೆ ತೆಗೆದು, ಚಿಪ್ಪಿನಲ್ಲಿ ಪುಟ್ಟ ಕಿಟಕಿ ಕತ್ತರಿಸಿ ಟೇಪ್ ಹಚ್ಚುತ್ತೇವೆ. 8ನೇ ದಿನದ ಹೊತ್ತಿಗೆ ಕ್ಯಾನ್ಸರ್ ಕೋಶಗಳನ್ನು ಜೆಲ್‌ನಲ್ಲಿ ಬೆರೆಸಿ ಪದರದ ಮೇಲೆ ಇಡುತ್ತೇವೆ. ಕೆಲವೇ ದಿನಕ್ಕೆ ಅಲ್ಲೊಂದು ಬಿಳಿ ಗಂಟು ಏಳುತ್ತದೆ, ಸುತ್ತಲಿಂದ ರಕ್ತನಾಳಗಳು ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಅದರ ಕಡೆಗೇ ತಿರುಗಿರುತ್ತವೆ. ಗಡ್ಡೆ ರಕ್ತವನ್ನು ತನ್ನತ್ತ ಎಳೆದುಕೊಳ್ಳುವುದು ಕಣ್ಣಿಗೇ ಕಾಣುತ್ತದೆ! ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತ್ತು.

ಒಂದು ಎಚ್ಚರಿಕೆ. ಕಿಟಕಿ ಕತ್ತರಿಸುವಾಗ ಚಿಪ್ಪಿನ ಪುಡಿ ಪದರದ ಮೇಲೆ ಬಿದ್ದರೆ, ಅಲ್ಲೂ ಉರಿಯೂತವಾಗಿ ರಕ್ತನಾಳ ಸೇರಿಕೊಳ್ಳುತ್ತವೆ. ನನ್ನ ಮೊದಲ ಬ್ಯಾಚ್‌ನಲ್ಲಿ ಕೋಶವೇ ಹಾಕದ ಮೊಟ್ಟೆಗಳಲ್ಲೂ ಚಕ್ರ ಕಂಡಿತ್ತು! ಅದಕ್ಕೇ ಬರೀ ಜೆಲ್ ಹಾಕಿದ ಮೊಟ್ಟೆಗಳನ್ನೂ ಜೊತೆಗೆ ಇಡಲೇಬೇಕು. ರಕ್ತನಾಳ ಎಣಿಸುವವರಿಗೆ ಯಾವುದು ಯಾವ ಮೊಟ್ಟೆ ಅಂತ ಗೊತ್ತಿರಬಾರದು.

ಗಡ್ಡೆ ಬೆಳೆಯುತ್ತದಾ, ರಕ್ತನಾಳ ಎಳೆಯುತ್ತದಾ, ಪದರ ತೂರಿ ಹೋಗುತ್ತದಾ, ಔಷಧಿ ಇದನ್ನು ತಡೆಯುತ್ತದಾ ಅನ್ನುವ ಪ್ರಶ್ನೆಗಳಿಗೆ ಮೊಟ್ಟೆ ಬೇಗ ಉತ್ತರ ಕೊಡುತ್ತದೆ. ಭ್ರೂಣದ ಪಿತ್ತಜನಕಾಂಗದಲ್ಲಿ ಮನುಷ್ಯರ ಡಿಎನ್‌ಎ ಹುಡುಕಿ ಕೋಶ ಹರಡಿದೆಯಾ ಅಂತಲೂ ನೋಡಬಹುದು. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಬಳಸುವ ಇಮ್ಯುನೊಥೆರಪಿಯ ಪರೀಕ್ಷೆ ಇಲ್ಲಿ ಕಷ್ಟ, ಭ್ರೂಣಕ್ಕೆ ಆ ಶಕ್ತಿಯೇ ಇನ್ನೂ ಬಂದಿರುವುದಿಲ್ಲವಲ್ಲ. ತಿಂಗಳುಗಟ್ಟಲೆ ಕೊಡುವ ಔಷಧಿಯಂತೂ ಆಗುವುದೇ ಇಲ್ಲ, ಯಾಕಂದ್ರೆ 21 ದಿನಕ್ಕೆ ಮರಿ ಹೊರಬರುತ್ತದೆ. ಹಾಗಾಗಿ ಇಲಿ ಪೂರ್ತಿ ತಪ್ಪುವುದಿಲ್ಲ. ಆದರೆ ಹತ್ತು ಔಷಧಿಗಳಲ್ಲಿ ಎಂಟನ್ನು ಮೊಟ್ಟೆಯಲ್ಲೇ ಕೈಬಿಟ್ಟರೆ ಎಷ್ಟು ಇಲಿಗಳು ಉಳಿದವು ನೋಡಿ. ನನಗೆ ಅದು ಸಣ್ಣ ವಿಷಯವಲ್ಲ.

ಭ್ರೂಣವೂ ಜೀವವೇ ಅಲ್ವಾ. ದಿನ ಕಳೆದಂತೆ ನೋವು ಗೊತ್ತಾಗುವ ಸಾಧ್ಯತೆ ಹೆಚ್ಚು, ಹಾಗಾಗಿ ನಾವು 14ನೇ ದಿನ ದಾಟಿಸುತ್ತಿರಲಿಲ್ಲ. ನಿಮ್ಮ ಸಂಸ್ಥೆಯ ನೈತಿಕ ಸಮಿತಿಯನ್ನು ಮೊದಲೇ ಕೇಳಿಬಿಡಿ.

ಇನ್ನೊಂದು ಮಾತು, ಅಂಗಡಿ ಮೊಟ್ಟೆ ತರಬೇಡಿ. ಪಾರಂ ಕೋಳಿಗಳು ಹುಂಜ ಇಲ್ಲದೆ ಇಟ್ಟ ಮೊಟ್ಟೆ ಅವು, ಎಷ್ಟು ಕಾವು ಕೊಟ್ಟರೂ ಮರಿ ಆಗುವುದಿಲ್ಲ. ಹ್ಯಾಚರಿಯಲ್ಲಿ ಕೇಳಿ. ಬೇಕಾಗಿದ್ದಕ್ಕಿಂತ ಜಾಸ್ತಿಯೇ ತನ್ನಿ, ಕಿಟಕಿ ಕತ್ತರಿಸುವ ಕೈ ಪಳಗುವವರೆಗೆ ಸುಮಾರು ಮೊಟ್ಟೆ ಸಾಯುತ್ತವೆ.