ಎಪಿಸೋಡ್ ನಿಲ್ಲಿಸಿಬಿಡ್ಲಾ ಮೇಡಂ?

ನಾನು ಸಲಹೆಗಾರ್ತಿ. ಹೆಸರು, ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಇದನ್ನು ಬರೆಯಲು ಇಬ್ಬರು ಹುಡುಗಿಯರೂ ಒಪ್ಪಿದ್ದಾರೆ, ಮೊದಲು ಓದಿದವರೂ ಅವರೇ.

ಇವಳನ್ನು ಕಾವ್ಯ ಅನ್ನೋಣ. ವಯಸ್ಸು 24. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಈಗ ಬಿ.ಎಡ್. ಮಾಡುತ್ತಿದ್ದಾಳೆ. ಡಿಗ್ರಿಯಿಂದಲೂ ಜೊತೆಗಿರುವ ಗೆಳತಿಯೊಬ್ಬಳಿದ್ದಾಳೆ, ಅವಳು ನಸ್ರೀನ್ ಆಗಿರಲಿ. ಇಬ್ಬರೂ ಸೇರಿ ಕನ್ನಡದಲ್ಲಿ ಒಂದು ಪಾಡ್‌ಕಾಸ್ಟ್ ನಡೆಸುತ್ತಾರೆ. ವಿಷಯ ರಾಜಕೀಯ. ಆದರೆ ಯಾರು ಯಾವ ಪಕ್ಷಕ್ಕೆ ಹಾರಿದರು ಅನ್ನುವ ರಾಜಕೀಯ ಅಲ್ಲ. ಗ್ರಾಮಸಭೆ ನಡೆದಿದ್ದು ಊರಿಗೇ ಯಾಕೆ ಗೊತ್ತಾಗಲ್ಲ, ಪಂಚಾಯತಿಯ ಲೆಕ್ಕಪತ್ರ ಜನರ ಮುಂದೆ ಇಡುವ ಜಮಾಬಂದಿಯಲ್ಲಿ ಕೂತು ಏನೇನು ಕೇಳಬಹುದು, 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹೇಗೆ ಹಾಕಬೇಕು, ಶಕ್ತಿ ಯೋಜನೆ ಬಂದ ಮೇಲೆ ಬಸ್ಸು ತುಂಬಿ ಹೋಗುತ್ತಲ್ಲ, ಅದಕ್ಕೆ ಹೊಸ ಟ್ರಿಪ್ ಕೇಳುವುದು ಯಾರನ್ನ. ಇಂಥವು. ನಸ್ರೀನ್ ಮನೆಯ ಬೀರು ಪಕ್ಕದಲ್ಲಿ ದಪ್ಪ ರಗ್ಗು ಇಳಿಬಿಟ್ಟು, ಎರಡು ಕಾಲರ್ ಮೈಕ್ ಹಾಕಿಕೊಂಡು ಫೋನಲ್ಲೇ ರೆಕಾರ್ಡ್ ಮಾಡುತ್ತಾರೆ. ಹಳೆಯ ಎಪಿಸೋಡುಗಳಲ್ಲಿ ಕುಕ್ಕರ್ ಸೀಟಿ ಕೇಳಿಸುತ್ತದೆ. ಕೇಳುವವರು ಕೆಲವು ನೂರು ಜನ.

ಕಾವ್ಯ ನನ್ನ ಹತ್ತಿರ ಬಂದಾಗ ನಿದ್ದೆ ಸರಿಯಾಗಿ ಮಾಡದೆ ವಾರಗಳೇ ಆಗಿದ್ದವು. ಫೋನನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಕೂತಿದ್ದಳು. ಮಾತಿನ ಮಧ್ಯೆ ತಿರುಗಿಸಿ ನೋಡುವುದು, ಮತ್ತೆ ಬೋರಲು ಹಾಕುವುದು. ಕೇಳಿದ್ದು ಒಂದೇ ಪ್ರಶ್ನೆ: "ಎಪಿಸೋಡ್ ನಿಲ್ಲಿಸಿಬಿಡ್ಲಾ ಮೇಡಂ? ನೀವು ಹೇಳಿ, ನಿಲ್ಲಿಸ್ತೀನಿ."

ನಾನು ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನಿದ್ದೆಗೆಟ್ಟವರು ಇಂಥ ತೀರ್ಮಾನ ಮಾಡಬಾರದು, ಅವರ ಪರವಾಗಿ ನಾನಂತೂ ಮಾಡಲೇಬಾರದು. ಮೊದಲು ಊಟ, ನಿದ್ದೆ, ತಿಂಗಳ ಮುಟ್ಟು ಎಲ್ಲ ವಿಚಾರಿಸಿದೆ. ಸಾಯಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ ಅಂತಲೂ ನೇರವಾಗಿ ಕೇಳಿದೆ. ಇದನ್ನು ಸುತ್ತಿಬಳಸಿ ಕೇಳಬಾರದು. ಇಲ್ಲ ಅಂದಳು. ಆದರೂ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಅವಳ ಫೋನಿಗೆ ಹಾಕಿಸಿದೆ. ರಾತ್ರಿ 2 ಗಂಟೆಗೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ, ಆ ಹೊತ್ತಿಗೆ ನಾನು ಸಿಗುವುದಿಲ್ಲ.

ಆಗಿದ್ದಿಷ್ಟು. ಪಂಚಾಯತಿಯಲ್ಲಿ ಅಧ್ಯಕ್ಷೆಯ ಕುರ್ಚಿಯಲ್ಲಿ ಅವರ ಯಜಮಾನರು ಕೂರುವುದು, ಅಧ್ಯಕ್ಷೆ ಸಹಿಗೆ ಮಾತ್ರ ಬರುವುದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಅದರ ಮೇಲೆ 40 ನಿಮಿಷದ ಒಂದು ಎಪಿಸೋಡ್ ಮಾಡಿದ್ದರು. ಯಾರ ಹೆಸರೂ ಹೇಳಿರಲಿಲ್ಲ. ಅದರಲ್ಲಿ ಒಂದು ನಿಮಿಷ ಕತ್ತರಿಸಿ ರೀಲ್ ಮಾಡಿ ಹಾಕಿದರು. ಎಪಿಸೋಡನ್ನು ಪೂರ್ತಿ ಕೇಳಿದವರು ಯಾರೂ ಬೈದಿಲ್ಲ, ಬೈದವರೆಲ್ಲ ರೀಲ್ ನೋಡಿದವರು. ಬೈಗುಳ ಅಂದರೆ ಎಲ್ಲರೂ ಊಹಿಸುವಂಥದ್ದೇ. ಅಡುಗೆ ಕಲಿ, ಮದುವೆ ಆಗು, ಯಾವ ಪಾರ್ಟಿಯವರು ಎಷ್ಟು ಕೊಟ್ಟರು. ಅದಕ್ಕಿಂತ ಕೊಳಕಾದದ್ದೂ ಇತ್ತು.

ಕಾವ್ಯ ಅವನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದು ಒಂದು ಫೋಲ್ಡರಿಗೆ ಹಾಕಿದ್ದಳು. ಫೋಲ್ಡರಿನ ಹೆಸರು 'ಕಸ'. ರಾತ್ರಿ ಎದ್ದು ಅದನ್ನೇ ತೆಗೆದು ನೋಡುತ್ತಿದ್ದಳು. ಜಾಸ್ತಿ ನೋವು ಕೊಟ್ಟ ಮೂರನ್ನು ಆರಿಸಿ ಓದು ಅಂದೆ.

ಮೊದಲನೆಯದು ಒಬ್ಬನ ಮೆಸೇಜು: ಸಂಜೆ ಬಸ್ ಸ್ಟ್ಯಾಂಡಲ್ಲಿ ನೋಡ್ಕೋತೀವಿ. ಎರಡನೆಯದು ಕಾಮೆಂಟೇ ಅಲ್ಲ. ಅವಳ ಸೋದರಮಾವ ಆ ರೀಲನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ ಒಂದು ನಮಸ್ಕಾರದ ಇಮೋಜಿ ಇಟ್ಟಿದ್ದರು. ಮೂರನೆಯದು ಬಂದಾಗ ದನಿ ತಗ್ಗಿತು. ಒಬ್ಬ ನಿವೃತ್ತ ಮೇಷ್ಟ್ರು ಬರೆದಿದ್ದು: "ತಂಗಿ, ಸಂವಿಧಾನದ 73ನೇ ತಿದ್ದುಪಡಿ ಕೊಟ್ಟಿದ್ದು ಮೂರನೇ ಒಂದು ಭಾಗ. ಅರ್ಧ ಮಾಡಿದ್ದು ನಮ್ಮ ರಾಜ್ಯದ ಕಾಯ್ದೆ. ಸರಿ ಮಾಡಿಕೊಳ್ಳಿ."

ಇದರಲ್ಲಿ ಬೈಗುಳ ಎಲ್ಲಿದೆ? ಮೇಷ್ಟ್ರು ಹೇಳಿದ್ದು ಸರಿ. ಪಂಚಾಯತಿಯಲ್ಲಿ ಹೆಂಗಸರಿಗೆ ಅರ್ಧ ಸೀಟು ಸಂವಿಧಾನದಲ್ಲೇ ಇದೆ ಅಂತ ಕಾವ್ಯ ರೀಲಿನಲ್ಲಿ ಹೇಳಿಬಿಟ್ಟಿದ್ದಳು. ಸಂವಿಧಾನ ಹೇಳುವುದು ಮೂರನೇ ಒಂದಕ್ಕೆ ಕಡಿಮೆ ಇರಬಾರದು ಅಂತ. ಮೇಷ್ಟ್ರ ಮಾತಿನ ಕೆಳಗೆ ಬೇರೆಯವರು ಮುಗಿಬಿದ್ದಿದ್ದರು. ಇಷ್ಟೂ ಗೊತ್ತಿಲ್ಲ, ಇವಳಿಗೆ ಮೈಕ್ ಬೇರೆ ಕೇಡು, ನಾಳೆ ಮಕ್ಕಳಿಗೆ ಇವಳೇ ಪಾಠ ಮಾಡೋದು.

"ಕೊನೇದು ನಿಜ ಅಲ್ವಾ ಮೇಡಂ? ಎಂ.ಎ. ಓದಿ ಇಷ್ಟು ಗೊತ್ತಿರಬೇಕಿತ್ತು."

ಅವಳ ನಿದ್ದೆ ಕೆಡಿಸಿದ್ದು ಇದು. ಬೈಗುಳ ಬೈಗುಳವಾಗಿಯೇ ಉಳಿದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ತನ್ನದೊಂದು ನಿಜವಾದ ತಪ್ಪು ಸಿಕ್ಕಿದ್ದರಿಂದ, ಉಳಿದ ಬೈಗುಳವೂ ನಿಜ ಅಂತ ಮನಸ್ಸು ಒಪ್ಪಿಕೊಂಡುಬಿಟ್ಟಿತ್ತು. ಇದನ್ನು ನಾನು ಬೇರೆಯವರಲ್ಲೂ ನೋಡಿದ್ದೇನೆ, ಹುಡುಗಿಯರಲ್ಲಿ ಜಾಸ್ತಿ. ಹುಡುಗ ಒಂದು ಇಸವಿ ತಪ್ಪು ಹೇಳಿದರೆ ಇಸವಿ ತಪ್ಪಾಗುತ್ತದೆ. ಹುಡುಗಿ ತಪ್ಪು ಹೇಳಿದರೆ ಅವಳು ಮಾತಾಡಿದ್ದೇ ತಪ್ಪು ಅನ್ನುವವರು ಸುತ್ತ ಇರುತ್ತಾರೆ. ಕೇಳಿ ಕೇಳಿ ಅವಳೂ ಹಾಗೇ ಅಂದುಕೊಳ್ಳುತ್ತಾಳೆ.

ಹಾಗಾಗಿ ನನ್ನ ಮೊದಲ ಸಲಹೆ 'ಕಸ'ದ ಫೋಲ್ಡರಿನಿಂದ ಮೇಷ್ಟ್ರನ್ನು ಹೊರಗೆ ತೆಗೆಯುವುದು. ಅವರು ತಪ್ಪು ತಿದ್ದಿದ್ದಾರೆ, ಅದಕ್ಕೆ ಉತ್ತರ ಕೊಡಬೇಕು. ಮುಂದಿನ ಎಪಿಸೋಡ್ ಯಾವಾಗಲೇ ಬರಲಿ, ಶುರುವಿನಲ್ಲೇ ಒಂದೆರಡು ನಿಮಿಷ "ಹೋದ ಸಲ ತಪ್ಪು ಹೇಳಿದ್ದೆವು, ಸರಿ ಹೀಗೆ" ಅಂದರೆ ಸಾಕು. ಕ್ಷಮೆಯ ಸುರಿಮಳೆ ಬೇಡ ಅಂದೆ. ಬೇಡ ಅಂದರೂ ಅವಳು ಬರೆದು ತಂದ ಮೊದಲ ಕರಡಿನ ತುಂಬ ಕ್ಷಮೆಯೇ ಇತ್ತು. ಕೂತು ಹೊಡೆದುಹಾಕಿದೆವು.

ಬಸ್ ಸ್ಟ್ಯಾಂಡಿನ ಮೆಸೇಜು ಬೇರೆ ಜಾತಿಯದು. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂತ ಹೇಳುವುದು ಸಲಹೆಯೇ ಅಲ್ಲ. ಅದು ಬೆದರಿಕೆ, ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಅಡಿ ಬರುತ್ತದೆ. ಬೇಡ ಅಂದ ಮೇಲೂ ಹೊಸ ಹೊಸ ಅಕೌಂಟಿನಿಂದ ಬೆನ್ನು ಬಿದ್ದರೆ 78ನೇ ಕಲಂ ಇದೆ. ದೂರು ಕೊಡಲು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ, ಜಿಲ್ಲಾ ಕೇಂದ್ರದಲ್ಲಿ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ ಇದೆ. 1930ಕ್ಕೆ ಫೋನ್ ಮಾಡಬೇಕಾ ಅಂತ ತುಂಬ ಜನ ಕೇಳುತ್ತಾರೆ. ಅದು ಮುಖ್ಯವಾಗಿ ಆನ್‌ಲೈನಿನಲ್ಲಿ ಹಣ ಕಳೆದುಕೊಂಡವರಿಗೆ. ಮೆಸೇಜು ಕಳಿಸಿದವನ ಪ್ರೊಫೈಲ್ ಲಿಂಕು, ತಾರೀಕು, ಸಮಯ ಕಾಣುವ ಹಾಗೆ ಇಡೀ ಪರದೆಯ ಸ್ಕ್ರೀನ್‌ಶಾಟ್ ಬೇಕು. ಕಾವ್ಯ ತನಗೆ ನೋವಾದ ಸಾಲನ್ನಷ್ಟೇ ಕತ್ತರಿಸಿ ಇಟ್ಟುಕೊಂಡಿದ್ದಳು, ಯಾರು ಕಳಿಸಿದ್ದು ಅನ್ನುವುದೇ ಅದರಲ್ಲಿ ಇರಲಿಲ್ಲ. ಪುಣ್ಯಕ್ಕೆ ಮೂಲ ಮೆಸೇಜು ಇನ್ನೂ ಇತ್ತು. ಸಂಜೆ ಬಸ್ಸಿಗೆ ಒಬ್ಬಳೇ ಕಾಯಬೇಡ, ಎಲ್ಲಿದ್ದೀನಿ ಅಂತ ಆಗಿಂದಾಗಲೇ ಸ್ಟೇಟಸ್ ಹಾಕಬೇಡ ಅಂತಲೂ ಹೇಳಿದೆ.

ಉಳಿದ ಹೊಲಸಿಗೆ ಫಿಲ್ಟರ್. ಇನ್‌ಸ್ಟಾಗ್ರಾಂನಲ್ಲಿ ಯಾವ ಪದ ಇದ್ದರೆ ಕಾಮೆಂಟ್ ಮರೆಯಾಗಬೇಕು ಅಂತ ನಾವೇ ಪಟ್ಟಿ ಕೊಡಬಹುದು. ತೊಂದರೆ ಏನಂದರೆ ನಮ್ಮವರು ಕನ್ನಡದ ಬೈಗುಳವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ, ಒಬ್ಬೊಬ್ಬರ ಸ್ಪೆಲ್ಲಿಂಗೂ ಒಂದೊಂದು. ನನ್ನ ಮೇಜಿನ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಒಂದೊಂದೇ ಬೈಗುಳ ಬರೆಯುತ್ತಾ ಹೋದಳು. ಕನ್ನಡ ಲಿಪಿಯಲ್ಲಿ ಒಂದು ಸಲ, ಇಂಗ್ಲಿಷ್ ಅಕ್ಷರದಲ್ಲಿ ಒಂದು ಎ ಇಟ್ಟು, ಎರಡು ಎ ಇಟ್ಟು, ಎಚ್ ಸೇರಿಸಿ, ಎಚ್ ಬಿಟ್ಟು. ಒಂದು ಪದಕ್ಕೆ ನಾನೂ ಒಂದು ಸ್ಪೆಲ್ಲಿಂಗ್ ಹೇಳಿಕೊಟ್ಟೆ. "ಮೇಡಂ, ನಿಮಗೆ ಇದೂ ಗೊತ್ತಾ!" ಅಂತ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಆಗಲೇ.

ಮನೆಯವರ ವಿಷಯಕ್ಕೆ ಬರುತ್ತೇನೆ. ಇಂಥ ಪ್ರಕರಣ ಹೇಳುವಾಗ ಅಪ್ಪನನ್ನು ವಿಲನ್ ಮಾಡುವುದು ಸುಲಭ. ಕಾವ್ಯ ಒಪ್ಪಿದ ಮೇಲೆ ಅವರನ್ನು ಕರೆಸಿದೆ. ಕುರ್ಚಿಯ ತುದಿಯಲ್ಲಿ ಕೂತು ಅಂದರು, "ನನ್ನ ಮಗಳು ತಪ್ಪು ಮಾತಾಡ್ತಾಳೆ ಅಂತ ನಾನು ಹೇಳಲ್ಲ ಮೇಡಂ. ನಾನು ಸೊಸೈಟಿಯಲ್ಲಿ ಗುಮಾಸ್ತ. ಬೋರ್ಡಲ್ಲಿ ಕೂತಿರೋರು ಯಾರ ಕಡೆಯವರು ಅಂತ ಊರಿಗೆಲ್ಲ ಗೊತ್ತು." ಕೃಷಿ ಪತ್ತಿನ ಸಂಘದ ಬೋರ್ಡು, ಪಂಚಾಯತಿ, ಡೈರಿ ಎಲ್ಲ ಒಂದೇ ನಾಲ್ಕು ಮನೆಗಳ ಕೈಯಲ್ಲಿರುವ ಊರಲ್ಲಿ ಈ ಭಯ ಸುಮ್ನೆ ಬಂದದ್ದಲ್ಲ. ಅಮ್ಮನ ಚಿಂತೆ ಬೇರೆ, ಗಂಡಿನ ಕಡೆಯವರು ರೀಲ್ ನೋಡಿದರೆ ಏನು ಗತಿ ಅಂತ.

ಅಪ್ಪ ಹೋಗುವ ಮುಂಚೆ ಇನ್ನೊಂದು ಮಾತು ಅಂದರು. ಇದನ್ನೇ ಭದ್ರಾವತಿ ಆಕಾಶವಾಣಿಯಲ್ಲಿ ಮಾಡಿದ್ದರೆ ಮರ್ಯಾದೆ ಇರುತ್ತಿತ್ತು ಅಂತ. ಪಾಪ, ಅವರು ಬೆಳಗ್ಗೆ ರೇಡಿಯೋ ಹಚ್ಚುವ ಕಾಲದವರು. ಆದರೆ ಈ ಹುಡುಗಿಯರಿಗೆ ಬೇರೆ ಜಾಗ ಎಲ್ಲಿದೆ? ನಮ್ಮ ದೇಶದಲ್ಲಿ ಖಾಸಗಿ ಎಫ್‌ಎಂನವರಾಗಲಿ, ಸಮುದಾಯ ಬಾನುಲಿಯವರಾಗಲಿ ತಮ್ಮದೇ ಸುದ್ದಿ ಪ್ರಸಾರ ಮಾಡುವಂತಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಸಮುದಾಯ ಬಾನುಲಿ ಶುರುವಾದಾಗ ಹಳ್ಳಿಯವರಿಗೆ ಲೈಸೆನ್ಸೇ ಸಿಗುತ್ತಿರಲಿಲ್ಲ, ಕೇಬಲ್ ಮೂಲಕ ಮನೆಗಳಿಗೆ ತಲುಪಿಸಿದರು. ಪಾಡ್‌ಕಾಸ್ಟಿಗೆ ಲೈಸೆನ್ಸ್ ಬೇಕಿಲ್ಲ, ಸ್ಟುಡಿಯೋ ಬೇಕಿಲ್ಲ. ಹಾಗೇ ಬೈಗುಳ ಬಂದಾಗ ಬೆನ್ನಿಗೆ ನಿಲ್ಲುವ ಸಂಸ್ಥೆಯೂ ಇಲ್ಲ.

ಅಪ್ಪ-ಮಗಳ ಮಧ್ಯೆ ಕೊನೆಗೆ ಆದ ಒಪ್ಪಂದ ಇದು: ಸದ್ಯಕ್ಕೆ ಸ್ವಂತ ಪಂಚಾಯತಿಯ ಹೆಸರು ಎತ್ತುವುದಿಲ್ಲ, ರಾಜ್ಯಕ್ಕೆಲ್ಲ ಅನ್ವಯಿಸುವ ವಿಷಯ ಮಾತಾಡಬಹುದು, ಬೆದರಿಕೆ ಬಂದರೆ ಅಪ್ಪನಿಗೆ ಮೊದಲು ಹೇಳಬೇಕು. ನನಗೆ ಈ ಒಪ್ಪಂದ ಪೂರ್ತಿ ಹಿಡಿಸಲಿಲ್ಲ. ಹಿಡಿಸಬೇಕಾದ್ದು ನನಗಲ್ಲ.

ಇಷ್ಟೆಲ್ಲ ಆದರೂ ಒಂದು ಮುಖ್ಯವಾದ ಸಂಗತಿ ಬಾಕಿ ಇತ್ತು. ನಸ್ರೀನ್ ಏನಂತಾಳೆ ಅಂತ ನಾನು ಕೇಳಿದಾಗೆಲ್ಲ ಕಾವ್ಯ ಮಾತು ಮರೆಸುತ್ತಿದ್ದಳು. ಒಂದು ದಿನ ಬಾಯಿಬಿಟ್ಟಳು. ನಸ್ರೀನ್‌ಗೆ ಬರುತ್ತಿದ್ದದ್ದು ಅಡುಗೆ, ಮದುವೆಯ ಮಾತಲ್ಲ. ದೇಶ ಬಿಟ್ಟು ಹೋಗು ಅನ್ನುವಂಥವು. ಅದಕ್ಕಿಂತ ಕೆಟ್ಟವನ್ನು ಇಲ್ಲಿ ಬರೆಯಲಾರೆ. ಅವಳ ಕಣ್ಣಿಗೆ ಬೀಳದಿರಲಿ ಅಂತ ಕಾವ್ಯ ರಾತ್ರಿ ಎದ್ದು ಡಿಲೀಟ್ ಮಾಡುತ್ತಿದ್ದಳು. ಬಿ.ಎಡ್. ಪರೀಕ್ಷೆ ಇದೆ, ಅದಕ್ಕೇ ಎಪಿಸೋಡ್ ನಿಲ್ಲಿಸೋಣ ಅಂತ ಅವಳಿಗೆ ಸುಳ್ಳು ಹೇಳಿದ್ದಳು.

ನಾನು ಒಂದೇ ಪ್ರಶ್ನೆ ಕೇಳಿದೆ. "ನಿಮ್ಮನ್ನು ಕೇಳದೆ ನಿಮ್ಮ ಒಳ್ಳೇದಕ್ಕೆ ಅಂತ ಮನೆಯವರು ತೀರ್ಮಾನ ಮಾಡಿದಾಗ ನಿಮಗೆ ಹೇಗಾಯ್ತು?"

ತುಂಬ ಹೊತ್ತು ಮಾತಾಡಲಿಲ್ಲ. ಮುಂದಿನ ಸಲ ಇಬ್ಬರೂ ಬಂದರು. ನಸ್ರೀನ್ ಕೂರುವ ಮೊದಲೇ ಅಂದಳು, "ಇವಳು ಡಿಲೀಟ್ ಮಾಡೋಕೆ ಮುಂಚೆನೇ ನಾನು ನೋಡಿರ್ತೀನಿ ಮೇಡಂ. ನನಗೇನು ಹೊಸದಾ ಇದು? ಇವಳು ಹೇಳ್ಲಿ ಅಂತ ಕಾಯ್ತಿದ್ದೆ." ಕಾವ್ಯ ಅತ್ತಳು. ನಸ್ರೀನ್ ಅಳಲಿಲ್ಲ, ಅವಳಿಗೆ ಸಿಟ್ಟಿತ್ತು. ಆ ಸಿಟ್ಟು ನ್ಯಾಯವಾದದ್ದೇ. ಡಿಲೀಟ್ ಮಾಡಿದ್ದರಿಂದ ಪೊಲೀಸರಿಗೆ ತೋರಿಸಲು ಎಷ್ಟೋ ಉಳಿದಿರಲಿಲ್ಲ. ಆದರೆ ಅವಳಿಗೆ ಜಾಸ್ತಿ ನೋವಾಗಿದ್ದು ಅದಕ್ಕಲ್ಲ. ಬೈಗುಳವನ್ನು ಒಬ್ಬಳೇ ಓದಬೇಕಾಗಿತ್ತಲ್ಲ, ಅದಕ್ಕೆ.

ಇಬ್ಬರಿಗೂ ಕೊಟ್ಟ ಸಲಹೆ ಸರಳ. ಕಾಮೆಂಟ್ ನೋಡುವ ಕೆಲಸ ಇಬ್ಬರಿಗೂ ಬೇಡ. ನಸ್ರೀನ್ ತಮ್ಮ ಪಿಯುಸಿಯಲ್ಲಿದ್ದಾನೆ, ಆದರೆ ಅಷ್ಟು ಚಿಕ್ಕವನ ತಲೆಗೆ ಇದನ್ನು ಕಟ್ಟುವುದು ಸರಿಯಲ್ಲ ಅಂದೆ. ಕಾಲೇಜಿನ ಸೀನಿಯರ್ ಒಬ್ಬರು ಒಪ್ಪಿಕೊಂಡರು. ಬೆದರಿಕೆ ಇದ್ದರೆ ಅವರು ಉಳಿಸಿ ತಿಳಿಸುತ್ತಾರೆ, ತಿದ್ದುಪಡಿ ಇದ್ದರೆ ಕಳಿಸುತ್ತಾರೆ, ಉಳಿದದ್ದು ಅಲ್ಲೇ ಹೋಗುತ್ತದೆ. ರೀಲ್ ಕೆಲವು ತಿಂಗಳು ಬೇಡ. ಫೋನು ರಾತ್ರಿ ಅಡುಗೆಮನೆಯಲ್ಲಿ ಚಾರ್ಜಿಗೆ. ನಿಲ್ಲಿಸುವುದು, ಮುಂದುವರಿಸುವುದು ಏನೇ ಇರಲಿ, ಇಬ್ಬರೂ ಎದುರೆದುರು ಕೂತು ತೀರ್ಮಾನ ಮಾಡಬೇಕು.

ನಿಲ್ಲಿಸಲಿಲ್ಲ. ಮುಂದಿನ ಎಪಿಸೋಡ್ ಆ ತಪ್ಪನ್ನು ಸರಿ ಮಾಡುವುದರಿಂದಲೇ ಶುರುವಾಯಿತು. ಮೇಷ್ಟ್ರನ್ನು ಮಾತಿಗೆ ಕರೆದರು. ಮೈಕ್ ಮುಂದೆ ಬರಲ್ಲ ಅಂದರಂತೆ, ಆದರೆ ಎರಡು ಪುಟ ಟಿಪ್ಪಣಿ ಬರೆದು ಕಳಿಸಿದರು. 73ನೇ ತಿದ್ದುಪಡಿಗೂ ಮುಂಚೆ, 1983ರ ರಾಜ್ಯ ಕಾಯ್ದೆಯಲ್ಲೇ ಹೆಂಗಸರಿಗೆ ಶೇ. 25 ಮೀಸಲಾತಿ ಇತ್ತು, 1987ರಲ್ಲಿ ಅದರ ಪ್ರಕಾರ ಚುನಾವಣೆ ನಡೆಯಿತು ಅಂತ. ಹುಡುಗಿಯರು ಅದನ್ನೇ ಹಿಡಿದು ಮುಂದೆ ಹೋದರು: ಹೆಂಗಸರಿಗೆ ಪಂಚಾಯತಿಯಲ್ಲಿ ಅರ್ಧ ಸೀಟು, 2023ರ ವಿಧಾನಸಭೆ ಚುನಾವಣೆಯಲ್ಲಿ ಗೆದ್ದವರು 224ಕ್ಕೆ 10, ಲೋಕಸಭೆ, ವಿಧಾನಸಭೆಗಳ ಮಹಿಳಾ ಮೀಸಲಾತಿ ಕಾಯ್ದೆ ಅದೇ ವರ್ಷ ಪಾಸಾದರೂ ಜಾರಿಯನ್ನು ಜನಗಣತಿ, ಕ್ಷೇತ್ರ ಮರುವಿಂಗಡಣೆಗೆ ಕಟ್ಟಿಹಾಕಿದರು. ಹಿಂದಿನದಕ್ಕಿಂತ ಒಳ್ಳೆಯ ಎಪಿಸೋಡ್ ಅಂತ ನನ್ನ ಅಭಿಪ್ರಾಯ, ಸಲಹೆಗಾರ್ತಿಯಾಗಿ ಅಲ್ಲ, ಕೇಳುಗಳಾಗಿ.

ಸೆನ್ ಠಾಣೆಯಲ್ಲಿ ದೂರು ತೆಗೆದುಕೊಂಡು ಸ್ವೀಕೃತಿ ಕೊಟ್ಟಿದ್ದಾರೆ. ಮೆಸೇಜು ಕಳಿಸಿದ ಅಕೌಂಟ್ ಮಾಯವಾಗಿದೆ, ಯಾರು ಅಂತ ಇನ್ನೂ ತಿಳಿದಿಲ್ಲ. ಸೋದರಮಾವ ಗುಂಪಿನಲ್ಲಿ ಈಗ ಗುಡ್ ಮಾರ್ನಿಂಗ್ ಮಾತ್ರ ಹಾಕುತ್ತಾರೆ. ಗಂಡು ನೋಡುವುದು ನಡೆದೇ ಇದೆ. ಬಂದವರು ಕೇಳಿದರೆ ಪಾಡ್‌ಕಾಸ್ಟ್ ವಿಷಯವನ್ನು ತಾನೇ ಹೇಳುವುದಾಗಿ ಕಾವ್ಯ ಅಮ್ಮನಿಗೆ ಹೇಳಿದ್ದಾಳೆ. ನಿದ್ದೆ ಬಹುಮಟ್ಟಿಗೆ ಸರಿಹೋಗಿದೆ. ಈಗಲೂ ಇಬ್ಬರೂ ಆಗಾಗ ಬರುತ್ತಾರೆ. ಸದ್ಯದ ಜಗಳ ಬೇರೆ: ಇನ್ನು ಮೇಲೆ ವಿಡಿಯೋ ಮಾಡಿ ಮುಖ ತೋರಿಸೋಣ ಅಂತ ನಸ್ರೀನ್, ಬೇಡವೇ ಬೇಡ ಅಂತ ಕಾವ್ಯ.