ಕಿವಿ ತಮಟೆಯ ಹಿಂದೆ ಕೆಂಪು ಕಂಡರೆ ಮೊದಲು ಸ್ಕ್ಯಾನ್

ಪ್ರಶ್ನೆ: ಮಗಳಿಗೆ 22 ವರ್ಷ. ಬಲಗಿವಿಯಲ್ಲಿ ನಾಡಿ ಬಡಿದಂತೆ ಸದಾ ಸದ್ದು, ಕೇಳಿಸುವುದೂ ಸ್ವಲ್ಪ ಮಂದ. ತಮಟೆಯ ಹಿಂದೆ ಕೆಂಪಗೆ ಕಾಣುತ್ತಿದೆ, ನೀರಿರಬಹುದು, ತೂತು ಮಾಡಿ ತೆಗೆಯೋಣ ಎಂದರು ಒಬ್ಬ ವೈದ್ಯರು. ಇನ್ನೊಬ್ಬರು ಮೊದಲು ಸಿ.ಟಿ. ಮಾಡಿಸಿ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಎರಡನೆಯವರ ಮಾತು ಕೇಳಿ. ನಾಡಿಯ ಲಯದ ಸದ್ದು, ತಮಟೆಯ ಹಿಂದೆ ಕೆಂಪು ಇಲ್ಲವೇ ನೀಲಿ, ಇವೆರಡೂ ಕೂಡಿದ್ದರೆ ಸ್ಕ್ಯಾನ್ ನೋಡದೆ ತಮಟೆ ಚುಚ್ಚಬಾರದು, ಚೂರು ಕತ್ತರಿಸಿ ಪರೀಕ್ಷಿಸುವ ಬಯಾಪ್ಸಿಯಂತೂ ಕೂಡದು. ಅಲ್ಲಿರುವುದು ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಧಮನಿಯಾಗಿದ್ದರೆ ತೀವ್ರ ರಕ್ತಸ್ರಾವವಾಗಿ ಪಾರ್ಶ್ವವಾಯುವಿಗೂ ದಾರಿಯಾಗುತ್ತದೆ.

ಭ್ರೂಣದಲ್ಲಿ ಕುತ್ತಿಗೆಯ ಒಳ ಕೆರೋಟಿಡ್‌ನ ಒಂದು ಭಾಗ ಬೆಳೆಯದೆ ಉಳಿದರೆ, ನಡುಗಿವಿಯ ನೆಲ ತೂರಿ ಬರುವ ಎಳೆಯಂಥ ರಕ್ತನಾಳ ದಪ್ಪವಾಗಿ ಆ ರಕ್ತವನ್ನೆಲ್ಲ ಹೊರುತ್ತದೆ. ಅದು ಕಾಕ್ಲಿಯಾದ (ಒಳಗಿವಿಯ ಶಂಖದಂಥ ಭಾಗ) ಉಬ್ಬಿನ ಮೇಲೆ ಹಾದು ಮುಂದೆ ಮೂಳೆಯೊಳಗಿನ ಕೆರೋಟಿಡ್‌ನ ಮಾಮೂಲು ಕಾಲುವೆ ಸೇರುತ್ತದೆ. ತಮಟೆಯಲ್ಲಿ ಮುಂದಿನ ಕೆಳಭಾಗದಲ್ಲಿ ಕೆಂಪು ಕಾಣುವುದು ಹೆಚ್ಚಾಗಿ ಇದರಿಂದ. ಹಿಂದಿನ ಕೆಳಭಾಗದಲ್ಲಿ ನೀಲಿ ಕಂಡರೆ ಮೇಲಕ್ಕೆ ಏರಿ ಕೂತ ಜುಗುಲಾರ್ ಬಲ್ಬ್ (ಕುತ್ತಿಗೆಯ ದೊಡ್ಡ ಅಭಿಧಮನಿಯ ಮೇಲ್ತುದಿಯ ಉಬ್ಬು) ಇರಬಹುದು. ಅದೇ ಕಡೆಯ ಕುತ್ತಿಗೆಯನ್ನು ವೈದ್ಯರು ಹಗುರಾಗಿ ಒತ್ತಿದಾಗ ಸದ್ದು ಇಳಿದರೆ ಅನುಮಾನ ಅಭಿಧಮನಿಯ ಕಡೆಗೆ ವಾಲುತ್ತದೆ. ಇದನ್ನು ಮನೆಯಲ್ಲಿ ಮಾಡಿ ನೋಡಬೇಡಿ. ಬಣ್ಣ, ಜಾಗ ಸುಳಿವಷ್ಟೇ. ರಕ್ತನಾಳಗಳು ತುಂಬಿದ ಗ್ಲೋಮಸ್ ಗಡ್ಡೆಯೂ ಹೀಗೇ ಕೆಂಪಗೆ ಮಿಡಿಯುತ್ತದೆ.

ತೀರ್ಮಾನ ಆಗುವುದು ಕಿವಿಮೂಳೆಯ ಹೈ ರೆಸಲ್ಯೂಷನ್ ಸಿ.ಟಿ.ಯಲ್ಲಿ. ಸ್ಲೈಸ್ ಒಂದು ಮಿಲಿಮೀಟರಿಗಿಂತ ತೆಳುವಾಗಿರಲಿ. ಎಡವುವುದು ಇಲ್ಲೇ: ಒಂದೇ ಚಿತ್ರ ನೋಡಿದರೆ ಅಡ್ಡ ಕತ್ತರಿಸಿದ ಧಮನಿ ದುಂಡನೆಯ ಗಡ್ಡೆಯಂತೆ ಕಾಣುತ್ತದೆ, ಕಾಂಟ್ರಾಸ್ಟ್ ಔಷಧ ರಕ್ತಕ್ಕೆ ಕೊಟ್ಟರೂ ಎರಡೂ ಬೆಳಗುತ್ತವೆ. ಚಿತ್ರದಿಂದ ಚಿತ್ರಕ್ಕೆ ಹಿಂಬಾಲಿಸಿದರೆ ಗಡ್ಡೆ ಅಲ್ಲೇ ಮುಗಿಯುತ್ತದೆ, ಧಮನಿ ಕೊಳವೆಯಾಗಿ ಮುಂದೆ ಸಾಗಿ ಕಾಲುವೆ ಸೇರುತ್ತದೆ. ಕೆರೋಟಿಡ್ ಕಾಲುವೆಯ ಲಂಬಭಾಗ ಕಾಣದಿದ್ದರೆ ಅದು ದಾರಿ ತಪ್ಪಿದ ಕೆರೋಟಿಡ್ ಎಂಬ ಅನುಮಾನ ಬಹುಪಾಲು ನಿಜ. ಇಷ್ಟಾದ ಮೇಲೆ ರಕ್ತನಾಳಗಳನ್ನು ತೋರಿಸುವ ಸಿ.ಟಿ. ಅಥವಾ ಎಂ.ಆರ್. ಆಂಜಿಯೋ ಸಾಕು, ರಕ್ತನಾಳದೊಳಗೆ ಕ್ಯಾಥೆಟರ್ (ತೆಳು ಕೊಳವೆ) ಹಾಕಿ ಮಾಡುವ ಆಂಜಿಯೋ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಜೊತೆಗೆ ಸ್ಟೇಪಿಡಿಯಲ್ ಧಮನಿ ಉಳಿದಿದೆಯೇ ಎಂದೂ ನೋಡಿಸಿ. ಹುಟ್ಟುವ ಮೊದಲೇ ಮಾಯವಾಗಬೇಕಾದ ಇದು ಕೆಲವರಲ್ಲಿ ನಡುಗಿವಿಯ ಪುಟ್ಟ ಸ್ಟೇಪಿಸ್ ಮೂಳೆಯ ಕಮಾನಿನ ನಡುವೆಯೇ ಹಾದುಹೋಗಿರುತ್ತದೆ, ಕೆಲವೊಮ್ಮೆ ದಾರಿ ತಪ್ಪಿದ ಕೆರೋಟಿಡ್‌ನ ಜೊತೆಗೇ ಇರುತ್ತದೆ. ಗುರುತು: ಆ ಕಡೆ ತಲೆಬುರುಡೆಯ ತಳದ ಫೊರಾಮೆನ್ ಸ್ಪೈನೋಸಮ್ ಎಂಬ ರಂಧ್ರ ಇರುವುದಿಲ್ಲ, ಮುಖನರದ ಕಾಲುವೆ ಅಗಲವಾಗಿರುತ್ತದೆ. ರಂಧ್ರವಿಲ್ಲದ್ದು ಒಂದನ್ನೇ ನಂಬಬೇಡಿ, ಈ ಧಮನಿ ಇಲ್ಲದವರಲ್ಲೂ ಅದು ಕಾಣದಿರಬಹುದು.

ಧಮನಿಯೇ ಎಂದು ತೀರ್ಮಾನವಾದರೆ ಸಾಮಾನ್ಯವಾಗಿ ಅದನ್ನು ಮುಟ್ಟದೆ ಬಿಡುತ್ತಾರೆ. ಕೇಳಿಸುವುದು ತೀರಾ ಕಡಿಮೆಯಾದರೆ ಶ್ರವಣ ಸಾಧನ ಉಂಟು. ವರದಿಯ ಜೊತೆ ಸ್ಕ್ಯಾನ್‌ನ ಸಿ.ಡಿ.ಯನ್ನೂ ಜೋಪಾನ ಮಾಡಿ. ಮುಂದೆ ಆ ಕಿವಿಗೆ ಉಪಕರಣ ಹಾಕುವ ಯಾರಿಗೇ ಆಗಲಿ, ಮೊದಲು ಅದನ್ನು ತೋರಿಸಿ.